ಗೊತ್ತಿಲ್ಲ ಎಂದ ಡಾಕ್ಟರು

ತೂತ್ತುಕುಡಿ
3 ಆಗಸ್ಟ್ 1986

ಅಕ್ಕ,

ಹೊಲಿಗೆ ಬಿಚ್ಚಿ ಹದಿನೇಳು ದಿನವಾಯಿತು. ಗಾಯ ಒಣಗಿದೆ. ಶಾಲೆ ನಡೆಯುವಾಗ ನೀನು ರಜೆ ಹಾಕಿ ಬರುವುದು ಬೇಡ, ಅತ್ತೆ ಇದ್ದಾರೆ.

ಒಂದು ವಿಷಯ ಬರೆಯಲೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಕತ್ತರಿಸಿ ತೆಗೆದ ಅಪೆಂಡಿಕ್ಸನ್ನು ಡಾಕ್ಟರು ಬಾಟಲಿಯಲ್ಲಿ ಹಾಕಿ ಇವರಿಗೆ ತೋರಿಸಿದರಂತೆ. ಅದು ಕೆಟ್ಟಿರಲಿಲ್ಲವಂತೆ. "ಹಾಗಾದ್ರೆ ನೋವು ಯಾತಕ್ಕೆ ಬರ್ತಿತ್ತು ಸಾರ್?" ಎಂದು ಇವರು ಕೇಳಿದರೆ, "ಇವತ್ತಲ್ಲ ನಾಳೆ ಕೆಡ್ತಿತ್ತು ಬಿಡ್ರೀ, ತೆಗೆದದ್ದು ಒಳ್ಳೇದೇ ಆಯ್ತು" ಎಂದರಂತೆ. ಇವರು ತಲೆಯಾಡಿಸಿ ಬಂದಿದ್ದಾರೆ.

ಆಸ್ಪತ್ರೆಯಲ್ಲಿದ್ದಷ್ಟು ದಿನ ನೋವು ಇರಲಿಲ್ಲ. ಮನೆಗೆ ಬಂದ ಮೂರನೇ ವಾರ, ಮೊನ್ನೆ ಶುಕ್ರವಾರ, ಮತ್ತೆ ಬಂತು. ಅದೇ ನೋವು. ಹೊಕ್ಕುಳ ಸುತ್ತ ಒದ್ದೆ ಬಟ್ಟೆ ಹಿಂಡಿದ ಹಾಗೆ. ಈಗ ಅದರ ಪಕ್ಕದಲ್ಲೇ ಒಂದು ಗಾಯದ ಗೆರೆಯೂ ಇದೆ.

ಪಥ್ಯ ಹೇಳಿದ್ದಾರೆ. ರಸಂ ಅನ್ನ, ಸುಟ್ಟ ಹಪ್ಪಳ, ಅಷ್ಟೆ. ನೀನು ಕೊಟ್ಟ ತವರದ ಈಯಚೊಂಬಿನಲ್ಲಿ ಮಾಡಿದ ರಸಂ ಒಂದೇ ನನ್ನ ಬಾಯಿಗೆ ಸೇರುವುದು. ಅತ್ತೆ ಹುಳಿ ಮುಟ್ಟುವುದಿಲ್ಲ, ಇವರಿಗೆ ಮಧ್ಯಾಹ್ನ ಬಂದರಿನ ಕ್ಯಾಂಟೀನಿನ ಊಟ. ಹಾಗಾಗಿ ಚೊಂಬು ತುಂಬ ನನಗೇ. ಉಳಿದದ್ದು ರಾತ್ರಿಗೆ ಅದರಲ್ಲೇ ಇರುತ್ತದೆ, ಇವರೂ ಒಂದೆರಡು ತುತ್ತಿಗೆ ಹಾಕಿಕೊಳ್ಳುತ್ತಾರೆ.

ನೀನು ಕೋಪ ಮಾಡಿಕೊಳ್ಳುತ್ತೀ ಎಂದು ಗೊತ್ತಿದ್ದೂ ಬರೆದಿದ್ದೇನೆ.

ನಿನ್ನ
ಕೋಮಳಂ

*

ಕುಂಭಕೋಣಂ
11 ಆಗಸ್ಟ್ 1986

ಕೋಮಳಂ,

ಕೋಪ ಮಾಡಿಕೊಳ್ಳುತ್ತೇನೆಂದು ಗೊತ್ತಿದ್ದರೆ ಮೊದಲ ದಿನವೇ ಬರೆಯಬೇಕಿತ್ತು. ನನ್ನ ಕೋಪ ಎರಡು ದಿನ ತಡವಾಯಿತಲ್ಲ.

ಮೊದಲನೆಯವನು ವಾಯು ಎಂದ. ಎರಡನೆಯವನು ಹುಣ್ಣು ಎಂದ. ಮೂರನೆಯವನು ಮಾತೇ ಬೇಡವೆಂದು ಕತ್ತರಿಸಿದ. ನನ್ನ ಎಂಟನೇ ತರಗತಿಯ ಹುಡುಗಿ ಲೆಕ್ಕ ತಪ್ಪಿದರೆ ನಾನು ಅವಳ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತೇನೆ. ಇವರು ಲೆಕ್ಕ ತಪ್ಪಿದರೆ ಗೆರೆ ನಿನ್ನ ಹೊಟ್ಟೆಯ ಮೇಲೆ. ಇಂಥ ಶಾಲೆ ನಾನೆಲ್ಲೂ ನೋಡಿಲ್ಲ.

ಅವರಲ್ಲಿ ಒಬ್ಬನಾದರೂ ನಿನ್ನನ್ನು ಕೂರಿಸಿ ಐದು ನಿಮಿಷ ಮಾತಾಡಿಸಿದನೆ? ಇಲ್ಲ ಎಂದು ನನಗೆ ಗೊತ್ತು. ಕಳೆದ ವರ್ಷ ಆಷಾಢದಲ್ಲಿ, ಐದನೇ ತಿಂಗಳಿಗೆ ಮಗು ಹೋದಾಗ, ಆ ಲೇಡಿ ಡಾಕ್ಟರು ನಿನ್ನ ಮುಖ ನೋಡದೆ ನನಗೆ ಹೇಳಿದ್ದು ನೆನಪಿದೆ. "ಕೆಲವರ ಮೈ ಹಾಗೇ ಇರತ್ತೆ." ಕೆಲವರ ಮೈ! ಆ ಮಾತು ಕೇಳಿಯೂ ನಾನು ಅವಳಿಗೆ ಕೈ ಮುಗಿದು ಬಂದೆ. ಇವತ್ತಿಗೂ ಆ ಮುಗಿದ ಕೈ ನನಗೆ ಉರಿಯುತ್ತದೆ.

ಹೊರಟು ಬಾ. ನವರಾತ್ರಿ ಮುಗಿಯುವವರೆಗೆ ಇಲ್ಲಿರು. ನಿನ್ನ ಗಂಡನಿಗೆ ನಾನೇ ಬರೆಯುತ್ತೇನೆ.

ಜ್ಞಾನಂ

*

ತೂತ್ತುಕುಡಿ
19 ನವೆಂಬರ್ 1986

ಅಕ್ಕ,

ಅಲ್ಲಿದ್ದ ಐದು ವಾರದಲ್ಲಿ ಎಷ್ಟು ಚೆನ್ನಾಗಿದ್ದೆ ಎಂದು ಈಗ ನೆನೆದರೆ ಅವಮಾನವಾಗುತ್ತದೆ. ಮೂರು ಹೊತ್ತೂ ಉಂಡೆ. ಬೊಂಬೆ ಕೂರಿಸಲು ಏಣಿ ಹತ್ತಿದೆ. ಒಂದು ದಿನವೂ ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಅದೇ ಈಗ ನನ್ನ ವಿರುದ್ಧ ಸಾಕ್ಷಿಯಾಗಿದೆ.

ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ಎದ್ದಾಗ ಹಿಡಿದುಕೊಂಡದ್ದು ಮೂರು ದಿನ ಬಿಡಲಿಲ್ಲ. ಅತ್ತೆ ಹಾಲ್‌ನಲ್ಲಿ ಕೂತು, ನನಗೆ ಕೇಳಲಿ ಎಂದೇ, ಪಕ್ಕದ ಮನೆಯ ಮಾಮಿಗೆ ಹೇಳಿದರು: "ಅಕ್ಕನ ಮನೇಲಿ ಕುದುರೆ ಹಾಗಿದ್ಲಂತೆ. ನಮ್ಮ ಹೊಸ್ತಿಲು ದಾಟಿದ ತಕ್ಷಣ ಹೊಟ್ಟೆನೋವು. ನಮ್ಮ ಹೊಸ್ತಿಲಿಗೆ ಏನೋ ದೋಷ ಇರ್ಬೇಕು ಕಣ್ರೀ, ಬಡಗೀನ ಕರೆಸ್ಬೇಕು."

ಮಾಮಿ ನಕ್ಕರು. ಒಳ್ಳೆಯ ಮಾತೇ. ಒಳಗೆ ಮಲಗಿದ್ದ ನನಗೂ ನಗು ಬಂತು. ನಕ್ಕರೆ ನೋವಾಗುತ್ತದೆ, ಅದಕ್ಕೆ ನಗಲಿಲ್ಲ.

ನಾಲ್ಕನೇ ಡಾಕ್ಟರಿಗೆ ತೋರಿಸಿದೆವು. ನನ್ನ ಬಿಳಿಚಿದ ಮುಖ, ತೂಕ ನೋಡಿ ಹೊಟ್ಟೆಯ ಟಿ.ಬಿ. ಎಂದರು. ಒಂಬತ್ತು ತಿಂಗಳು ಮಾತ್ರೆ. "ಖಾತ್ರೀನಾ ಡಾಕ್ಟ್ರೇ?" ಎಂದು ಕೇಳಿದೆ. ಅವರು ನನಗೆ ಉತ್ತರ ಕೊಡದೆ ಇವರ ಕಡೆ ತಿರುಗಿ, "ಮನೆಯವ್ರು ತುಂಬಾ ಓದ್ತಾರಾ?" ಎಂದು ಕೇಳಿದರು. ಇವರು, "ವಾರಪತ್ರಿಕೆ ಓದ್ತಾಳೆ ಸಾರ್" ಎಂದರು.

ಅಂದಿನಿಂದ ನಾನು ಇವರ ಜೊತೆ ಮಾತಾಡಿಲ್ಲ. ಊಟ ಬಡಿಸುತ್ತೇನೆ.

ಪಥ್ಯ ಮೊದಲಿನದೇ.

ಕೋಮಳಂ

*

ಕುಂಭಕೋಣಂ
2 ಡಿಸೆಂಬರ್ 1986

ಶ್ರೀ ಪಂಚಾಪಕೇಶನ್ ಅವರಿಗೆ,

ನಿಮಗೆ ನಾನು ಹಿಂದೆ ಬರೆದ ಪತ್ರಗಳಲ್ಲಿ ಕ್ಷೇಮ ವಿಚಾರಿಸಿದ್ದೇನೆ. ಇದರಲ್ಲಿ ವಿಚಾರಿಸುವುದಿಲ್ಲ. ನೀವು ಕ್ಷೇಮವಾಗಿದ್ದೀರಿ ಎಂದು ತಿಳಿದಿದೆ.

ಅಮ್ಮ ಸತ್ತಾಗ ಕೋಮಳಂಗೆ ಒಂಬತ್ತು ವರ್ಷ. ಅಂದಿನಿಂದ ನಿಮ್ಮ ಕೈಗೆ ಕೊಡುವವರೆಗೆ ನಾನು ಬೆಳೆಸಿದೆ. ಅವಳು ಚಿಕ್ಕಂದಿನಲ್ಲಿ ಬೇಲಿಯಿಂದ ಬಿದ್ದು ಕಾಲು ಮುರಿದುಕೊಂಡಾಗಲೂ ಸಂಜೆಯವರೆಗೆ ಯಾರಿಗೂ ಹೇಳಿರಲಿಲ್ಲ. ಅಂಥವಳು ನೋವು ಎಂದರೆ ಅದು ನೋವು. ಇದನ್ನು ತಿಳಿಯಲು ಡಾಕ್ಟರಿ ಓದಬೇಕಿಲ್ಲ, ಎಂಟು ವರ್ಷ ಜೊತೆಗೆ ಸಂಸಾರ ಮಾಡಿದ್ದರೆ ಸಾಕು.

ಡಾಕ್ಟರು ಅವಳ ಪ್ರಶ್ನೆಯನ್ನು ನಿಮ್ಮ ಕಡೆ ತಿರುಗಿಸಿದಾಗ ನೀವು ಅದನ್ನು ಹಿಂದಕ್ಕೆ ತಿರುಗಿಸಬೇಕಿತ್ತು. "ಅವಳು ಕೇಳಿದ್ದಕ್ಕೆ ಹೇಳಿ ಸಾರ್" ಎಂದಿದ್ದರೆ ಸಾಕಿತ್ತು. ನಾಲ್ಕು ಪದ. ಬಂದರಿನ ಕಚೇರಿಯಲ್ಲಿ ಹಡಗಿನ ಕಪ್ತಾನರ ಜೊತೆ ಇಂಗ್ಲಿಷಿನಲ್ಲಿ ವಾದ ಮಾಡುವವರಿಗೆ ನಾಲ್ಕು ಪದ ಕಷ್ಟವೆ?

ಇದಕ್ಕೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಜ್ಞಾನಾಂಬಾಳ್

*

ತೂತ್ತುಕುಡಿ
8 ಫೆಬ್ರವರಿ 1987

ಪ್ರೀತಿಯ ಅಕ್ಕನಿಗೆ,

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಇವರು ಬರೆಯುತ್ತಿದ್ದಾರೆ. ಜನವರಿಯಿಂದ ನನ್ನ ಬಲಗೈ ಮಣಿಕಟ್ಟು ಮೇಲಕ್ಕೆ ಏಳುವುದಿಲ್ಲ. ಕೈ ಚಾಚಿದರೆ ಬಾಡಿದ ಬಾಳೆ ಎಲೆಯ ಹಾಗೆ ಕೆಳಗೆ ಬೀಳುತ್ತದೆ. ಲೇಖನಿ ಹಿಡಿದರೆ ನಿಲ್ಲುವುದಿಲ್ಲ.

ಪೊಂಗಲ್ ಚೆನ್ನಾಗಿ ಆಯಿತು. ಅತ್ತೆ ಕ್ಷೇಮ. ಮದುರೆಗೆ ಹೋಗಿ ಬಂದೆವು. ಅಲ್ಲಿ ಒಬ್ಬ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಟಿ.ಬಿ. ಮಾತ್ರೆ ನಿಲ್ಲಿಸಿದ್ದಾರೆ. ಬೇರೆ ಮಾತ್ರೆ ಕೊಟ್ಟಿದ್ದಾರೆ. ಅದರಿಂದ ಚೆನ್ನಾಗಿ ನಿದ್ರೆ ಬರುತ್ತದೆ. ಅವರು ತುಂಬ ಒಳ್ಳೆಯವರು.

ಬೇರೆ ಏನೂ ವಿಶೇಷವಿಲ್ಲ.

ನಿನ್ನ ಕೋಮಳಂ

ಅಕ್ಕಾ ಅವರಿಗೆ ಪಂಚಾಪಕೇಶನ್ ನಮಸ್ಕಾರ. ಅವಳು ಹೇಳಿದಷ್ಟನ್ನೇ ಬರೆದಿದ್ದೇನೆ. ಮದುರೆಯ ಡಾಕ್ಟರು ಮನಸ್ಸಿನ ರೋಗದವರು. ಆಸ್ಪತ್ರೆಯಲ್ಲಿ, ನಿಮ್ಮ ಮನೆಯಲ್ಲಿ ಗುಣವಾಗುವುದು, ಗಂಡನ ಮನೆಯಲ್ಲಿ ಮರುಕಳಿಸುವುದು, ಇದರಲ್ಲೇ ಎಲ್ಲ ಇದೆ ಎಂದರು. ಇದನ್ನು ಅವಳು ನನಗೆ ಹೇಳಿ ಬರೆಸಲಿಲ್ಲ. ನಾನು ಇವಳಿಗೆ ಏನು ಮಾಡಿದೆ ಎಂದು ನಾನೇ ದಿನವೂ ಕೇಳಿಕೊಳ್ಳುತ್ತಿದ್ದೇನೆ. ಡಿಸೆಂಬರಿನಲ್ಲಿ ನೀವು ಬರೆದ ಪತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ.

*

ಕುಂಭಕೋಣಂ
15 ಫೆಬ್ರವರಿ 1987

ಕೋಮಳಂ,

ಇದನ್ನು ಅವರು ಓದಿ ಹೇಳಿದರೂ ಸರಿ, ಅತ್ತೆ ಓದಿ ಹೇಳಿದರೂ ಸರಿ.

ಮನಸ್ಸು ಅಳಿಸುತ್ತದೆ, ಊಟ ಬಿಡಿಸುತ್ತದೆ, ಒಪ್ಪುತ್ತೇನೆ. ಐದು ಬೆರಳಲ್ಲಿ ಯಾವ ನರವನ್ನು ಹಿಡಿದು ಎಳೆಯಬೇಕೆಂದು ಆರಿಸಿ, ಮಣಿಕಟ್ಟನ್ನು ಮಾತ್ರ ಬೀಳಿಸಿ ಕೂರುವಷ್ಟು ನಾಜೂಕು ಕೆಲಸ ನಿನ್ನ ಮನಸ್ಸಿಗೆ ಎಂದಿನಿಂದ ಬಂತು? ನಿನಗೆ ಕಸೂತಿ ಕಲಿಸಲು ಹೋಗಿ ಸೋತವಳು ನಾನು.

ಐದು ಜನ, ಐದು ಹೆಸರು. ಒಬ್ಬನೂ ತನ್ನ ಹಿಂದಿನವನು ಯಾಕೆ ತಪ್ಪಿದ ಎಂದು ಕೇಳಲಿಲ್ಲ. ಕೊನೆಗೆ ಹೆಸರುಗಳು ಮುಗಿದಾಗ ನಿನ್ನ ಹೆಸರನ್ನೇ ರೋಗಕ್ಕೆ ಇಟ್ಟರು. ತಮಗೆ ತಿಳಿಯದ್ದು ನಿನ್ನ ತಲೆಯಲ್ಲಿದೆ ಎನ್ನುವುದು ಎಂಥ ಸುಲಭ!

ಆ ನಿದ್ರೆಯ ಮಾತ್ರೆಗಳನ್ನು ನುಂಗಬೇಡ. ಪರೀಕ್ಷೆಗಳು ಮುಗಿದ ದಿನವೇ ನಾನು ಬಸ್ಸು ಹತ್ತುತ್ತೇನೆ.

ಜ್ಞಾನಂ

*

ತೂತ್ತುಕುಡಿ
5 ಏಪ್ರಿಲ್ 1987

ಅಕ್ಕ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈ ಪತ್ರಕ್ಕೆ ನಾಲ್ಕು ದಿನ ಹಿಡಿಯಿತು. ಇವರು ಬರೆದುಕೊಡುತ್ತೇನೆ ಎಂದರು, ನಾನೇ ಬೇಡ ಎಂದೆ. ಬಸ್ಸು ಹತ್ತಬೇಡ. ಮೊದಲು ಓದು.

ಪಾತ್ರೆ ತೊಳೆಯುವ ಚೆಲ್ಲಕ್ಕನಿ ಒಂದು ದಿನ ನನ್ನ ಕೈಯನ್ನೇ ನೋಡುತ್ತ ನಿಂತಳು. "ಅಮ್ಮಾ, ಬೈಬೇಡಿ. ನನ್ನ ಗಂಡನ ಕೈ ಹಿಂಗೇ ಜೋತುಬಿದ್ದಿತ್ತು. ಹೊಟ್ಟೆ ಹಿಡ್ಕೊಂಡು ನಾಯಿ ಥರ ಸುತ್ತಿಕೊಂಡು ಮಲಗ್ತಿದ್ದ. ಹಡಗಿನ ಹಳೇ ಬಣ್ಣ ಕೆರೆಯೋರಿಗೆ ಬರ್ತದೆ ಇದು. ಮಚಾದೊ ಡಾಕ್ಟ್ರು ಎಬ್ಬಿಸಿ ನಿಲ್ಲಿಸಿದ್ರು."

ಅತ್ತೆ ಒಳಗಿನಿಂದಲೇ, "ಓಹೋ, ನಮ್ಮ ಸೊಸೆ ಯಾವ ಹಡಗಿಗೆ ಬಣ್ಣ ಹೊಡೀತಿದ್ದಾಳೋ ಕೇಳು" ಎಂದರು.

"ಅದು ನಂಗೊತ್ತಿಲ್ಲ ಅಜ್ಜಿ, ಕೈ ಮಾತ್ರ ಅದೇ" ಎಂದಳು ಚೆಲ್ಲಕ್ಕನಿ.

ಇವರು ಕಾಫಿ ಲೋಟ ಕೆಳಗಿಟ್ಟು, "ನಾಳೆ ಹೋಗೋಣ" ಎಂದರು. ಅತ್ತೆ, "ಮೀನು ಮಾರೋ ಜಾಗದಲ್ಲಿ ಕೂತಿರೋ ಡಾಕ್ಟರ ಹತ್ರಾನಾ?" ಎಂದರು. "ಅಮ್ಮಾ, ಮೀನಿಲ್ಲದ ಜಾಗದಲ್ಲಿ ಕೂತಿರೋರು ಐದು ಜನ ನೋಡಿ ಆಯ್ತಲ್ಲ" ಎಂದರು ಇವರು. ಅಷ್ಟು ಉದ್ದದ ಮಾತನ್ನು ಅವರು ತಾಯಿಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಚಾದೊ ಅವರಿಗೆ ಎಪ್ಪತ್ತರ ಹತ್ತಿರ. ಬೆಂಚಿನ ಮೇಲೆ ಹಡಗುಕಟ್ಟೆಯ ಕೂಲಿಗಳು. ನಾನು ಚೀಟಿಗಳ ಕಟ್ಟು ಮೇಜಿನ ಮೇಲಿಟ್ಟೆ. ಅವರು ಅದನ್ನು ಬದಿಗೆ ಸರಿಸಿದರು. "ಇದು ಆಮೇಲೆ. ಇದನ್ನ ಮೊದಲು ಓದಿದ್ರೆ ನಾನೂ ಅವರ ದಾರೀಲೇ ಹೋಗ್ತೀನಿ. ನೀನು ಹೇಳಮ್ಮಾ."

ಎಲ್ಲಿಂದ ಹೇಳಲಿ ಎಂದು ಕೇಳಿದೆ. "ಎಲ್ಲಿಂದ ಬೇಕಾದ್ರೂ. ಹೊರಗಿರೋರಿಗೆ ಕಾಯೋದು ಅಭ್ಯಾಸ ಇದೆ."

ಅಕ್ಕ, ನಾನು ಮುಕ್ಕಾಲು ಗಂಟೆ ಮಾತಾಡಿದೆ. ಆಸ್ಪತ್ರೆಯಲ್ಲಿ ಚೆನ್ನಾಗಿರುವುದನ್ನೂ ಹೇಳಿದೆ, ಅದು ನನ್ನ ತಪ್ಪು ಎಂಬಂತೆ ತಗ್ಗಿದ ದನಿಯಲ್ಲಿ. ಅವರು ಅಲ್ಲೇ ನೆಟ್ಟಗೆ ಕೂತರು. "ತಡಿ. ಇನ್ನೊಂದ್ಸಲ ಹೇಳು. ಮನೆ ಬಿಟ್ರೆ ವಾಸಿ, ಮನೆಗೆ ಬಂದ್ರೆ ಮೂರನೇ ವಾರ. ಹೌದಾ?" ಎದ್ದು ಬಂದು ನನ್ನ ಕೆಳತುಟಿಯನ್ನು ಹೆಬ್ಬೆರಳಿನಿಂದ ಎಳೆದು ಟಾರ್ಚ್ ಬಿಟ್ಟರು. ವಸಡನ್ನೇ ನೋಡುತ್ತ ನಿಂತರು. ಐದು ಜನರಲ್ಲಿ ಒಬ್ಬರೂ ನನಗೆ ಬಾಯಿ ತೆಗೆ ಎಂದಿರಲಿಲ್ಲ.

"ಏನು ಡಾಕ್ಟ್ರೇ?"

"ಗೊತ್ತಿಲ್ಲ."

ನನಗೆ ಎದ್ದು ಹೋಗಿಬಿಡೋಣ ಎನಿಸಿತು. ಅವರು ಕೈ ತೊಳೆಯುತ್ತ ಹೇಳಿದರು. "ಅನುಮಾನ ಇದೆ. ಅನುಮಾನ ಬೇರೆ, ಗೊತ್ತಿರೋದು ಬೇರೆ. ಗುರುವಾರ ಬಾ. ಅಷ್ಟರಲ್ಲಿ ನಿನ್ನ ರಕ್ತ ನಾನೇ ಕೂತು ನೋಡ್ತೀನಿ."

ಗುರುವಾರ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು, ಇವರಿಗೂ. ರಕ್ತದ ಕಣಗಳಲ್ಲಿ ನೀಲಿ ಚುಕ್ಕೆ, ಎರಚಿದ ರಾಗಿಯ ಹಾಗೆ. ವಸಡಿನಲ್ಲಿ ಕಪ್ಪುನೀಲಿ ಗೆರೆ. ಸೀಸದ ವಿಷ. ಹಡಗಿನ ಕೆಂಪು ಬಣ್ಣದಲ್ಲಿ ಇರುತ್ತದಂತೆ. ನನ್ನ ಹೊಟ್ಟೆಗೆ ಎಲ್ಲಿಂದ ಬಂತು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದನ್ನೂ ಗೊತ್ತಿಲ್ಲ ಎಂದೇ ಹೇಳಿದರು. ಕುಂಕುಮ, ಕಾಡಿಗೆ, ನೀರಿನ ಕೊಳಾಯಿ, ಎಲ್ಲ ಕೇಳಿ, ಕೊನೆಗೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ತರಲು ಹೇಳಿದರು. ಎರಡು ಗೋಣಿಚೀಲ ಆಟೋದಿಂದ ಇಳಿಸುವಾಗ ಬೆಂಚಿನಿಂದ ಒಬ್ಬ ಕೂಗಿದ: "ಏಯ್, ನಮ್ಮ ಡಾಕ್ಟ್ರಿಗೆ ಯಾರೋ ಹೆಣ್ಣು ಕೊಡ್ತಿದಾರೆ ಕಣ್ರೋ, ಪಾತ್ರೆ ಸಮೇತ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಮಚಾದೊ ಅವರು, "ಈ ವಯಸ್ಸಲ್ಲಿ ಪಾತ್ರೆ ಮಾತ್ರ ಸಾಕು" ಎಂದರು.

ಅವರು ಆರಿಸಿದ ಒಂದು ಪಾತ್ರೆಯನ್ನು ಇವರು ಪರೀಕ್ಷೆಗೆ ಕೊಟ್ಟುಬಂದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಇತ್ತು. ಹುಳಿ ಬಿದ್ದರೆ ಬಿಟ್ಟುಕೊಳ್ಳುತ್ತದಂತೆ. ಇವರ ವಸಡಿನಲ್ಲೂ ತೆಳುವಾಗಿ ಗೆರೆ ಇದೆ. ಆ ದಿನ ಇವರು ಕನ್ನಡಿಯ ಮುಂದೆ ತುಟಿ ಎಳೆದುಕೊಂಡು ಬಹಳ ಹೊತ್ತು ನಿಂತಿದ್ದರು.

ನನಗೆ ಈಗ ಚುಚ್ಚುಮದ್ದು ನಡೆಯುತ್ತಿದೆ. ನೋವು ಹೋಗಿದೆ. ಕೈ ತಡವಾಗಿ ಬರುತ್ತದೆ, ಬರದೆಯೂ ಇರಬಹುದು ಎಂದಿದ್ದಾರೆ.

ಯಾವ ಪಾತ್ರೆ ಎಂದು ಕೇಳಬೇಡ.

ಕೋಮಳಂ

*

ಕುಂಭಕೋಣಂ
19 ಏಪ್ರಿಲ್ 1987

ಕೋಮಳಂ,

ಕೇಳುವುದಿಲ್ಲ. ರಸಂ ಮಾಡಲು ನಿನ್ನ ಮನೆಯಲ್ಲಿ ಎಷ್ಟು ಪಾತ್ರೆಯಿದೆ?

ನಿನ್ನ ಪತ್ರ ಬಂದ ಮಧ್ಯಾಹ್ನ ನನ್ನ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೊಡ್ಡ ಬೀದಿಯ ಆ ಅಂಗಡಿಗೆ ಹೋದೆ. ನೀವು ತೂತ್ತುಕುಡಿಯಲ್ಲಿ ಮನೆ ಹೂಡಿದ ವರ್ಷ ಎರಡು ಚೊಂಬು ಕೊಂಡದ್ದು ಅಲ್ಲೇ. ಮಾಲೀಕನ ಮುಖಕ್ಕೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಹೇಳಿದೆ ಕೂಡ. ಬೀದಿಯ ಜನ ನಿಂತರು. ವಿಷ ಮಾರುವವನೇ ಎಂದೆ.

ಅವನು ತಣ್ಣಗೆ ಕೇಳಿಸಿಕೊಂಡ. "ಟೀಚರಮ್ಮಾ, ಮಾಲು ನನಗೆ ಎಲ್ಲಿಂದಲೋ ಬರತ್ತೆ. ಕರಗಿಸೋನು ಏನು ಬೆರೆಸಿದಾನೋ ನನಗೇನು ಗೊತ್ತು? ಎರಡು ಚೊಂಬನ್ನೂ ಎರಡು ಕೈಲಿ ಹಿಡಿದು ತೂಗಿದ್ದು ನೀವೇ ತಾನೆ? ಭಾರದ್ದು ತಂಗಿಗೆ ಅಂತ ಎತ್ತಿಟ್ಟಿದ್ದು ನೀವೇ ತಾನೆ?"

ನಾನೇ. ಎರಡೂ ಒಂದೇ ಅಳತೆ, ಒಂದೇ ಬೆಲೆ. ಒಂದು ಕೈಗೆ ಭಾರವಾಗಿ ಕೂತಿತು. ಗಟ್ಟಿ ಮಾಲು, ನಿನಗಿರಲಿ ಎಂದುಕೊಂಡೆ. ಹಗುರದ್ದು ನಾನಿಟ್ಟುಕೊಂಡೆ. ಸೀಸ ಈಯಕ್ಕಿಂತ, ಅಂದರೆ ತವರಕ್ಕಿಂತ, ಭಾರ. ನನ್ನ ಶಾಲೆಯ ಏಳನೇ ತರಗತಿಯ ಪುಸ್ತಕದಲ್ಲಿದೆ. ನಾನೇ ಪಾಠ ಮಾಡಿದ್ದೇನೆ.

ಇನ್ನೊಂದು ಹೇಳಬೇಕು. ಅಮ್ಮ ಈಯ ಕೊಳ್ಳುವಾಗ ತೂಗುತ್ತಿರಲಿಲ್ಲ. ಪಾತ್ರೆಯ ಅಂಚನ್ನು ಕಿವಿಗೆ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಳು. ಒಳ್ಳೆಯ ಈಯ ಕಿರ್ ಎಂದು ಸಣ್ಣಗೆ ಅಳುತ್ತದೆ. "ಅತ್ತರೆ ತಗೋ, ಸುಮ್ಮನಿದ್ರೆ ಬಿಡು" ಎನ್ನುತ್ತಿದ್ದಳು. ನೀನು ಚಿಕ್ಕವಳು, ನಿನಗೆ ನೆನಪಿರಲಾರದು. ನನಗೆ ನೆನಪಿತ್ತು. ಆ ದಿನ ಅಂಗಡಿಯಲ್ಲಿ ನನ್ನ ಇಬ್ಬರು ವಿದ್ಯಾರ್ಥಿನಿಯರು ತಾಯಂದಿರ ಜೊತೆ ನಿಂತಿದ್ದರು. ಲೆಕ್ಕದ ಟೀಚರು ಚೊಂಬನ್ನು ಕಿವಿಗೆ ಹಿಡಿದು ನಿಂತರೆ ಏನಂದುಕೊಂಡಾರು ಎಂದು ನಾಚಿಕೆಯಾಯಿತು.

ಮನೆಗೆ ಬಂದು ನನ್ನದನ್ನು ಒತ್ತಿ ನೋಡಿದೆ. ಅಳುತ್ತದೆ.

ಐದು ಜನರ ಮೇಲೆ ವರ್ಷವಿಡೀ ಕೂಗಿದೆ. ಕಿವಿಗೊಡಲಿಲ್ಲ, ಮುಖ ನೋಡಲಿಲ್ಲ ಎಂದು. ಮೊದಲು ತಪ್ಪಿದ್ದು ನನ್ನ ಲೆಕ್ಕ, ಅವರು ಕಂಡದ್ದು ಅದರ ಉತ್ತರವನ್ನು ಮಾತ್ರ.

ನೀನು ಆ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿರುತ್ತೀ. ಆಷಾಢದಲ್ಲಿ ಹೋದ ಮಗುವಿನದು. ಅದರ ಉತ್ತರ ನಿನ್ನ ಪತ್ರದಲ್ಲಿಲ್ಲ. ಬರೆ. ಏನಿದ್ದರೂ ಬರೆ.

ಜ್ಞಾನಂ

*

ತೂತ್ತುಕುಡಿ
14 ಜೂನ್ 1987

ಅಕ್ಕ,

ಇದು ಬಲಗೈ. ಗೆರೆ ಇಳಿಜಾರಾಗಿದೆ, ಕ್ಷಮಿಸು. ದಿನಕ್ಕೆ ಆರೇಳು ಸಾಲು ಬರೆಯಲು ಬಿಟ್ಟಿದ್ದಾರೆ.

ಕೇಳಿದೆ. ಮಚಾದೊ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇರಬಹುದು. ಇಲ್ಲದೇನೂ ಇರಬಹುದು. ನನಗೆ ಗೊತ್ತಿಲ್ಲಮ್ಮಾ, ಇನ್ನು ಯಾರಿಗೂ ಗೊತ್ತಾಗೋದೂ ಇಲ್ಲ" ಎಂದರು. ಬೇರೆ ಯಾರಾದರೂ ಆಗಿದ್ದರೆ ಒಂದು ಉತ್ತರ ಕೊಟ್ಟು ಕಳಿಸುತ್ತಿದ್ದರು. ಅದಕ್ಕೇ ನಾನು ಅವರನ್ನು ನಂಬುತ್ತೇನೆ. ನೀನೂ ಇಷ್ಟನ್ನೇ ಇಟ್ಟುಕೊ, ಹೆಚ್ಚಲ್ಲ, ಕಡಿಮೆಯಲ್ಲ.

ನಿನ್ನ ಮೇಲೆ ಕೋಪ ಬರಲಿಲ್ಲ ಎಂದು ಬರೆದರೆ ಸುಳ್ಳು. ಪಾತ್ರೆಯ ಪರೀಕ್ಷೆಯ ಫಲಿತಾಂಶ ಬಂದಾಗ ಬಂತು. ನಾಲ್ಕು ದಿನ ಇತ್ತು. ನಿನ್ನ ಪತ್ರ ಓದಿದ ಮೇಲೆ ಇನ್ನೊಂದು ಬಗೆಯ ಕೋಪ ಬಂದಿದೆ, ಅದು ಹೋಗಿಲ್ಲ. ನೀನು ಭಾರ ನೋಡಿ ತಪ್ಪಿದೆ, ನಿಜ. ಆದರೆ ನಾನು ಹೊಟ್ಟೆ ನೋವು ಎಂದು ಬರೆದಾಗ ನೀನು ನಂಬಿದೆ. ಆ ಐವರು ನಂಬಲಿಲ್ಲ. ಎಲ್ಲವನ್ನೂ ನಿನ್ನ ತಲೆಗೆ ಎಳೆದುಕೊಂಡು ಅವರನ್ನು ಬಿಟ್ಟುಕಳಿಸಲು ನಿನಗೆ ಯಾರು ಅಧಿಕಾರ ಕೊಟ್ಟರು? ನನ್ನ ಹೊಟ್ಟೆಯ ಮೇಲಿನ ಗೆರೆ ನಿನ್ನದಲ್ಲ. ಅವರ ಮೇಲಿನ ಕೋಪ ನನಗೆ ಬೇಕು. ಅದನ್ನು ಮುಟ್ಟಬೇಡ. ಆ ಮೂರನೆಯವರಿಗೆ ಮಚಾದೊ ಅವರು ಬರೆದ ಚೀಟಿಯನ್ನು ಇವರು ಖುದ್ದಾಗಿ ಕೊಟ್ಟುಬಂದರು. ಓದಿ ಜೇಬಿನಲ್ಲಿಟ್ಟುಕೊಂಡರಂತೆ. "ಅವಳಿಗೆ ಏನು ಹೇಳ್ಲಿ ಸಾರ್?" ಎಂದು ಇವರು ಕೇಳಿದರಂತೆ. ಉತ್ತರಕ್ಕೆಂದು ಬಾಗಿಲಲ್ಲೇ ನಿಂತಿದ್ದರಂತೆ. ಆ ಡಾಕ್ಟರು ಮುಂದಿನ ರೋಗಿಯನ್ನು ಕರೆದರಂತೆ.

ಚೊಂಬು ಈಗ ಮಚಾದೊ ಅವರ ಮೇಜಿನ ಮೇಲಿದೆ, ಬಂದವರಿಗೆ ತೋರಿಸಲು. ಮೊನ್ನೆ ಹೋದಾಗ ಅಮ್ಮ ಮಾಡುತ್ತಿದ್ದುದನ್ನು ಅವರಿಗೆ ಹೇಳಿದೆ. ಎತ್ತಿ ಕಿವಿಗೆ ಹಿಡಿದು ಒತ್ತಿದೆ. ಏನೂ ಕೇಳಿಸಲಿಲ್ಲ. ಅವರು ಕೈಚಾಚಿ ಇಸಿದುಕೊಂಡು ತಾವೂ ಕಿವಿಗೆ ಹಿಡಿದರು. ಹೆಬ್ಬೆರಳಿನಿಂದ ಎರಡು ಸಲ ಒತ್ತಿ ನೋಡಿ, "ಇದು ನಂಗೆ ಗೊತ್ತಿರಲಿಲ್ಲ" ಎಂದರು.

ಬರುವಾಗ ನಿನ್ನ ಚೊಂಬು ತಾ. ಅದು ಹೇಗೆ ಅಳುತ್ತದೆ ಎಂದು ಅವರು ಕೇಳಬೇಕಂತೆ.

ಕೋಮಳಂ